ಸವಣೂರಿನ ಮಾಳಿಗೆ, ಕಪ್ಪುಕುಳಿಯ ಗಿರಕಿ

ಹೋದ ತಿಂಗಳು ಗೆಳತಿ ಶಾಹೀನಳ ಅಣ್ಣನ ಮಗಳ ಮದುವೆಗೆಂದು ಹಿರೇಕೆರೂರಿನಿಂದ ಸವಣೂರಿಗೆ ಹೋಗಿದ್ದೆ. ಅವರ ಓಣಿಗೆ ತಿರುಗುತ್ತಿದ್ದಂತೆಯೇ ವಾಸನೆ ಮೂಗಿಗೆ ಬಡಿಯಿತು. ಕಾದ ಎಣ್ಣೆ, ಕಡಲೆಹಿಟ್ಟು, ಬೆಳ್ಳುಳ್ಳಿ, ಅದರ ಮೇಲೆ ಕೆಂಪು ಮೆಣಸಿನಪುಡಿಯ ಘಾಟು. ಶಾಹೀನಳ ಮನೆಯವರದು ಖಾರಾ ಮಾಡುವ ಕೆಲಸ. ಸವಣೂರಿನ ಖಾರಾ ಎಂದರೆ ಸುತ್ತಲ ತಾಲೂಕುಗಳವರೆಲ್ಲ ಬೀಗರ ಮನೆಗೆ ಕಟ್ಟಿಸಿಕೊಂಡು ಹೋಗುವ ತಿನಿಸು. ಬೇರೆಯವರಿಗೆ ಆ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ನನಗೆ ಸಿಟ್ಟು ಬರುತ್ತದೆ. ಯಾಕೆಂದರೆ ಒಂದು ಇಡೀ ಮಳೆಗಾಲ ನಾನು ಆ ಬಾಣಲೆಯ ನೇರ ಮೇಲಿನ ಖೋಲಿಯಲ್ಲಿ ಕೂತು, ಸೀನುತ್ತ, ಕಣ್ಣೊರೆಸಿಕೊಳ್ಳುತ್ತ, ಒಂದು ಕಪ್ಪುಕುಳಿ ತನ್ನ ಸುತ್ತ ತಾನು ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಲೆಕ್ಕ ಹಾಕುತ್ತಿದ್ದೆ.

ಹೀಗೆಂದರೆ ಈಗಲೂ ಜನ ನಗುತ್ತಾರೆ. ನಗಲಿ.

ನಾನಾಗ ಹಾನಗಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದೆ. ಗಂಡನ ಮನೆ ಸವಣೂರು. ದಿನಾ ಬಸ್ಸು ಬದಲಿಸಿ ಹೋಗಿಬರಬೇಕು. ಆ ಕಡೆ ಹಾನಗಲ್ಲಿಗೆ ಮಳೆ ಹೆಚ್ಚು. ಸವಣೂರಿನಲ್ಲಿ ಬಿಸಿಲಿದ್ದರೂ ಅಲ್ಲಿ ಇಳಿಯುವ ಹೊತ್ತಿಗೆ ಕೊಡೆ ಬಿಚ್ಚಬೇಕು, ಸೀರೆಯ ಅಂಚು ಕೆಸರಾಗಬೇಕು, ಮೊದಲ ತರಗತಿಗೆ ತಡವಾಗಬೇಕು. ಈ ನೌಕರಿಯ ನಡುವೆಯೇ ಪಿಎಚ್.ಡಿ.ಗೆ ಹೆಸರು ಹಚ್ಚಿ ಬಹಳ ವರ್ಷಗಳಾಗಿದ್ದವು. ಒಂದು ವರ್ಷ ಮಾವನವರ ಕಾಯಿಲೆ, ಒಂದು ವರ್ಷ ಚುನಾವಣೆಯ ಕೆಲಸ, ಮತ್ತೊಂದು ವರ್ಷ ಮೌಲ್ಯಮಾಪನ. ಮುಂದೂಡಿ ಮುಂದೂಡಿ ಕೊನೆಗೆ ವಿಶ್ವವಿದ್ಯಾಲಯದವರು, ಇದೇ ಕಡೆಯ ಅವಧಿ, ದೀಪಾವಳಿಯೊಳಗೆ ಥೀಸಿಸ್ ಕೊಡದಿದ್ದರೆ ಹೆಸರು ತೆಗೆಯುತ್ತೇವೆ ಎಂದರು. ಥೀಸಿಸ್ ಕೊಡಬೇಕಾದರೆ ಅದಕ್ಕೂ ಮೊದಲು ಒಂದಾದರೂ ಪ್ರಬಂಧ ಒಳ್ಳೆಯ ಜರ್ನಲ್ಲಿನಲ್ಲಿ ಸ್ವೀಕಾರವಾಗಿರಬೇಕು. ಸ್ವೀಕಾರವಾಗುವಂಥದ್ದು ನನ್ನ ಕೈಯಲ್ಲಿ ಒಂದೇ ಇತ್ತು.

ವಿಷಯವೇನೋ ಸರಳ. ನಮ್ಮ ಕಪ್ಪುಕುಳಿ ಒಂಟಿಯಲ್ಲ. ಅದಕ್ಕೊಂದು ನಕ್ಷತ್ರ ಜೋಡಿಯಾಗಿದೆ. ಆ ನಕ್ಷತ್ರದ ಮೈಯಿಂದ ಕಪ್ಪುಕುಳಿ ಅನಿಲವನ್ನು ಎಳೆದುಕೊಳ್ಳುತ್ತದೆ. ಅನಿಲ ಸೀದಾ ಒಳಗೆ ಬೀಳದೆ ತಟ್ಟೆಯ ಹಾಗೆ ಹರಡಿಕೊಂಡು, ಸುತ್ತುತ್ತ ಸುತ್ತುತ್ತ ಒಳಕ್ಕೆ ಜಾರುತ್ತದೆ; ಜಾರುವಾಗ ಕಾದು ಕ್ಷ-ಕಿರಣ ಸೂಸುತ್ತದೆ. ಕಪ್ಪುಕುಳಿಯ ಗಿರಕಿ ಜೋರಾದಷ್ಟೂ ತಟ್ಟೆಯ ಒಳ ಅಂಚು ಅದಕ್ಕೆ ಹತ್ತಿರವಾಗುತ್ತದೆ. ಅಂಚು ಎಲ್ಲಿದೆ ಎಂದು ಗೊತ್ತಾದರೆ ಗಿರಕಿ ಗೊತ್ತಾದ ಹಾಗೆ. ಆದರೆ ಯಾವ ದುರ್ಬೀನಿಗೂ ಆ ಅಂಚು ಕಾಣುವುದಿಲ್ಲ. ಬಂದ ಬೆಳಕನ್ನು ಬಿಡಿಸಿ ಅಂದಾಜು ಮಾಡಬೇಕು. ಅದಕ್ಕೆ ಎರಡು ದಾರಿ. ತಟ್ಟೆಯ ಒಟ್ಟು ಕಾವು ಮತ್ತು ಹೊಳಪು ನೋಡಿ ಲೆಕ್ಕ ಹಾಕುವುದು ಒಂದು. ತಟ್ಟೆಯಲ್ಲಿರುವ ಕಬ್ಬಿಣದ ಪರಮಾಣುಗಳು ಸೂಸುವ ಗೆರೆಯನ್ನು ನೋಡುವುದು ಇನ್ನೊಂದು. ದೂರದಲ್ಲಿ ಚೂಪಾಗಿರಬೇಕಾದ ಆ ಗೆರೆ ಕಪ್ಪುಕುಳಿಯ ಹತ್ತಿರ ಸೆಳೆತಕ್ಕೆ ಸಿಕ್ಕು ಒಂದು ಬದಿಗೆ ಹಿಗ್ಗಿಕೊಳ್ಳುತ್ತದೆ. ಹಿಗ್ಗಿದಷ್ಟೂ ಅಂಚು ಹತ್ತಿರ, ಗಿರಕಿ ಜೋರು. ಉತ್ತರ ಸೊನ್ನೆಗೂ ಒಂದಕ್ಕೂ ನಡುವಿನ ಒಂದು ಅಂಕಿ. ಸೊನ್ನೆ ಎಂದರೆ ತಿರುಗುತ್ತಿಲ್ಲ. ಒಂದು ಎಂದರೆ ಇದಕ್ಕಿಂತ ಜೋರಾಗಿ ತಿರುಗಲು ಪ್ರಕೃತಿಯೇ ಬಿಡುವುದಿಲ್ಲ.

ಇಷ್ಟೇ. ಬೆಳಕೂ ನಮ್ಮದಲ್ಲ. ಆಕಾಶದಲ್ಲಿ ಯಾರೋ ಹಾರಿಸಿದ ಉಪಗ್ರಹ ಹಿಡಿದಿಟ್ಟ ಬೆಳಕು, ಎಲ್ಲರಿಗೂ ತೆರೆದಿಟ್ಟದ್ದು. ನನಗೆ ಬೇಕಾದದ್ದು ಒಂದು ಲ್ಯಾಪ್‌ಟಾಪು, ಕರೆಂಟು, ಇಂಟರ್ನೆಟ್ಟು. ಈ ಮೂರರಲ್ಲಿ ಸವಣೂರಿನ ನಮ್ಮ ಮನೆಯಲ್ಲಿ ಆ ಮಳೆಗಾಲ ಖಾತ್ರಿಯಾಗಿ ಇದ್ದದ್ದು ಲ್ಯಾಪ್‌ಟಾಪೊಂದೇ.

ನಮ್ಮ ಮನೆಯವರು ವಿದ್ಯುತ್ ಇಲಾಖೆಯಲ್ಲಿದ್ದರು. ಇದಕ್ಕಿಂತ ದೊಡ್ಡ ಚೇಷ್ಟೆ ಬೇಕೆ? ಒಂದು ಲೆಕ್ಕ ಮುಗಿಯಲು ಲ್ಯಾಪ್‌ಟಾಪು ಹಗಲೂ ರಾತ್ರಿ ಓಡಬೇಕು. ಅದು ಅರ್ಧ ದಾರಿಗೆ ಬರುವ ಹೊತ್ತಿಗೆ ಗಾಳಿ ಬೀಸಿ ಕರೆಂಟು ಹೋಗುತ್ತಿತ್ತು. ಹಳೆಯ ಬ್ಯಾಟರಿ ಸ್ವಲ್ಪ ಹೊತ್ತು ಹೆಣಗಿ ಕಣ್ಣು ಮುಚ್ಚುತ್ತಿತ್ತು. ನಾನು ಫೋನು ಹಚ್ಚುತ್ತಿದ್ದೆ.

“ಲೈಟ್ ಹೋಗ್ಯಾವ್ರಿ.”

“ನಾ ದುಂಡಸಿಯಾಗ ಅದೇನಿ. ಇಲ್ಲಿ ಗಿಡಾ ಬಿದ್ದು ಕಂಬಾ ಮುರದೈತಿ.”

“ಸವಣೂರಾಗೂ ಹೋಗ್ಯಾವ.”

“ಸವಣೂರು ನಂದಲ್ಲ, ನಂದು ಶಿಗ್ಗಾಂವಿ. ಅಲ್ಲಿ ಆಫೀಸಿಗೆ ಹಚ್ಚಿ ಕೇಳ.”

ಮನೆಯಲ್ಲೇ ಇಲಾಖೆ ಇಟ್ಟುಕೊಂಡು ನಾನು ಬೇರೆ ಆಫೀಸಿಗೆ ಫೋನು ಹಚ್ಚಬೇಕು! ಅತ್ತೆ ಗಂಗವ್ವ ಅಡುಗೆಮನೆಯಿಂದಲೇ ಕೂಗುತ್ತಿದ್ದರು. “ಹೋದ ಲೈಟ್ ಬರ್ತಾವ ತಗೋ. ಅಲ್ಲೀತನಕ ಈ ಬಳ್ಳೊಳ್ಳಿ ಸುಲದ ಕೊಡ.” ನನ್ನ ಲೆಕ್ಕ ಮೊದಲಿನಿಂದ ಶುರುವಾಗಬೇಕು ಎಂದು ಅವರಿಗೆ ಹೇಳಿ ಹೇಳಿ ಸಾಕಾಗಿತ್ತು. ಅವರ ದೃಷ್ಟಿಯಲ್ಲಿ ಲೆಕ್ಕ ಎಂದರೆ ಬಿಟ್ಟಲ್ಲಿಂದ ಮುಂದುವರಿಸಬಹುದಾದ ಹೆಣಿಗೆ ಇದ್ದಂತೆ. ಮುಂದೆ ಪಂಚಮಿಗೆ ತವರಿಗೂ ಹೋಗಲಿಲ್ಲ. ಹತ್ತಿಮತ್ತೂರಿನಿಂದ ಅವ್ವ ಉಂಡಿ ಕಟ್ಟಿ ಕಳಿಸಿ, “ಜೋಕಾಲಿ ಕಟ್ಟೇವಿ, ಒಂದ ದಿನಕ್ಕರ ಬಾ” ಎಂದಳು. ಹೋಗದ್ದಕ್ಕೆ ಆ ಕಡೆ ಅವ್ವ ಮುನಿಸಿಕೊಂಡಳು. ತವರಿಗೆ ಸೊಸೆಯನ್ನು ಕಳಿಸಲಿಲ್ಲವೆಂದು ಜನ ಆಡಿಕೊಳ್ಳುತ್ತಾರೆಂದು ಈ ಕಡೆ ಅತ್ತೆ ಮುನಿಸಿಕೊಂಡರು.

ಶಾಹೀನ ನನ್ನ ಬಸ್ಸಿನ ಗೆಳತಿ. ದಾರಿಯ ಒಂದು ಊರಿನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಎಲ್ಲರೂ ನಿದ್ದೆ ಹೋಗುವ ಬಸ್ಸಿನಲ್ಲಿ ನಾವಿಬ್ಬರೇ ಜಗಳಾಡುತ್ತ ಹೋಗುವವರು. ನನ್ನ ಗೋಳು ಕೇಳಿ ಕೇಳಿ ಅವಳಿಗೂ ಬೇಸರ ಬಂದಿರಬೇಕು. ಒಂದು ದಿನ ಕಿಟಕಿಯ ಗಾಜು ಎಳೆಯುತ್ತ ಅಂದಳು:

“ನಮ್ಮ ಮಾಳಿಗಿ ಮ್ಯಾಲಿನ ಖೋಲಿ ಖಾಲಿ ಬಿದ್ದೈತಿ. ಅಣ್ಣ ಅಂಗಡಿಗಂತ ದೊಡ್ಡ ಇನ್ವರ್ಟರ್ ಹಾಕ್ಸ್ಯಾನ. ನೆಟ್ಟೂ ಐತಿ. ನಿನ್ನ ಡಬ್ಬಿ ಅಲ್ಲಿ ತಂದಿಡು.”

“ಬಾಡಿಗಿ?”

“ಬಾಡಿಗಿ ಮಾತಾಡಿದ್ರ ಬಸ್ಸಿನಿಂದ ದಬ್ಬತೇನಿ ನೋಡು.”

ಹಾಗೆ ನಾನು ಮಾಳಿಗೆ ಹತ್ತಿದೆ. ಕರೆಂಟಿನ ತೊಂದರೆ ತೀರಿತು, ಘಾಟಿನ ತೊಂದರೆ ಶುರುವಾಯಿತು. ಕೆಳಗೆ ಅವಳ ಅಣ್ಣ ಒಗ್ಗರಣೆಗೆ ಮೆಣಸಿನಪುಡಿ ಹಾಕಿದ ಕೂಡಲೇ ಹಲಗೆಯ ಸಂದಿನಿಂದ ಹೊಗೆ ಮೇಲೆ ಬರುತ್ತಿತ್ತು. ಕಿಟಕಿ ತೆರೆದರೆ ಮಳೆಯ ಎರಚಲು. ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ಒದ್ದೆ ಟವೆಲ್ಲನ್ನು ಮುಖಕ್ಕೆ ಕಟ್ಟಿಕೊಂಡು ಕೂರುತ್ತಿದ್ದೆ. ಅತ್ತೆಯ ಹೊಸ ದೂರು ಬೇರೆ. ಕಾಲೇಜಿನಿಂದ ಬಂದವಳು ಚಹಾ ಕುಡಿದು ಮತ್ತೆ ಎದ್ದು ಹೋಗುತ್ತಾಳೆ, ಓಣಿ ಓಣಿ ತಿರುಗುತ್ತಾಳೆ ಎಂದು. ನಮ್ಮ ವೀಳ್ಯದೆಲೆ ತೋಟದ ಕೆಲಸಕ್ಕೆ ಬರುವವರ ಮುಂದೆಯೂ ಅದೇ ಮಾತು. “ಆಕಾಶದಾಗಿಂದು ಏನೋ ತಿರಗತೈತಂತ, ಅದಕ್ಕ ನಮ್ಮ ಸೊಸೀನೂ ತಿರಗತಾಳ.”

ಆಷಾಢದ ನಡುವಿಗೆ ಕಬ್ಬಿಣದ ಗೆರೆಯ ಲೆಕ್ಕ ಮುಗಿಯಿತು. ಬಂದ ಅಂಕಿ ನೋಡಿ ಟವೆಲ್ಲು ಬಿಚ್ಚಿ ಎದ್ದು ನಿಂತೆ. ಒಂದಕ್ಕೆ ತೀರಾ ಹತ್ತಿರ. ಅಂದರೆ ನಮ್ಮ ಕಪ್ಪುಕುಳಿ ತಿರುಗಬಹುದಾದಷ್ಟೂ ಜೋರಾಗಿ ತಿರುಗುತ್ತಿದೆ. ಗೈಡ್ ಸರ್‌ಗೆ ಫೋನು ಮಾಡಿದೆ. ಅವರು ನಿವೃತ್ತಿಯ ಹೊಸ್ತಿಲಲ್ಲಿದ್ದರು. ಮಾತು ಬಿರುಸು, ಕೈಬರಹ ಮುದ್ದು, ಯಾರನ್ನೂ ಹೊಗಳಿದವರಲ್ಲ. ಅಂಥವರು ಆ ದಿನ, “ಭೇಷ್, ಸುಮಂಗಲಾ! ಇದನ್ನ ಕೂಡಲೆ ಬರದು ಕಳಸೋಣು,” ಎಂದರು. ಬರೆದೆವು, ಕಳಿಸಿದೆವು. ಅಷ್ಟರಲ್ಲೇ ಅವರು ದೊಡ್ಡ ಸೆಮಿನಾರೊಂದರಲ್ಲಿ ಆ ಅಂಕಿಯನ್ನು ಎಲ್ಲರ ಮುಂದೆ ಹೇಳಿಯೂ ಬಂದರು. ಜರ್ನಲ್ಲಿನವರು ಸಣ್ಣಪುಟ್ಟ ತಿದ್ದುಪಡಿ ಕೇಳಿ ಬೇಗನೆ ಒಪ್ಪಿಕೊಂಡರು. ಗಣಪತಿ ಕೂರಿಸುವ ದಿನ ಆ ಸುದ್ದಿ ಬಂತು. ಅತ್ತೆ ಕಡುಬು ಮಾಡುತ್ತ, “ಇನ್ನ ಮುಗೀತಲ್ಲ? ಮನಿ ಹಿಡದ ಕುಂಡರ್ತಿ?” ಎಂದರು. ಹೂಂ ಎಂದೆ.

ಆದರೆ ಮುಗಿದಿರಲಿಲ್ಲ. ಥೀಸಿಸ್ಸಿಗಾಗಿ ಮೊದಲ ದಾರಿಯ ಲೆಕ್ಕವನ್ನೂ ಮಾಡಬೇಕಿತ್ತು. ಕಾವಿನ ಲೆಕ್ಕ ಮಾಡಿದರೆ ಗಿರಕಿ ನಿಧಾನ ಎಂದು ಬಂತು. ಒಂದೇ ಕಪ್ಪುಕುಳಿ, ಒಂದು ದಾರಿಯಲ್ಲಿ ಬಂದರೆ ಬಾಣದ ವೇಗ, ಇನ್ನೊಂದು ದಾರಿಯಲ್ಲಿ ಬಂದರೆ ತೂಕಡಿಕೆ.

“ಅದನ್ನ ತಲಿಗೆ ಹಚ್ಗೋಬ್ಯಾಡ,” ಎಂದರು ಸರ್. “ಕಾವಿನ ಲೆಕ್ಕಕ್ಕ ಅದು ಎಷ್ಟು ದೂರ ಅದ ಅಂತ ಗೊತ್ತಿರಬೇಕು. ದೂರ ನೆಟ್ಟಗ ಗೊತ್ತಿಲ್ಲ. ಹಂಗಂತ ಒಂದ ಸಾಲು ಬರದು ಮುಂದ ಹೋಗು.”

ಅದು ಸುಳ್ಳೇನಲ್ಲ. ದೂರ ನಿಜಕ್ಕೂ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಆ ಒಂದು ಸಾಲು ಬರೆಯಲು ಕೂತರೆ ಕೈ ಏಳುತ್ತಿರಲಿಲ್ಲ. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಪ್ರಯೋಗಾಲಯದಲ್ಲಿ ಹುಡುಗಿಯರು ಲೋಲಕ ತೂಗುವಾಗ, ಎಲ್ಲ ಕಡೆ ಅದೇ ಕೊರೆಯುತ್ತಿತ್ತು. ಎರಡು ದಾರಿ ಇಷ್ಟು ದೂರ ಸರಿಯಬಾರದು. ಒಂದು ದಾರಿಗೆ ದೂರದ ನೆಪ ಇದೆ. ಇನ್ನೊಂದಕ್ಕೆ ಯಾವ ನೆಪವೂ ಇಲ್ಲವೇ?

ಭಾದ್ರಪದದಲ್ಲಿ ಮಳೆ ಹಿಡಿದು ಕಾಲೇಜಿಗೆ ರಜೆ ಕೊಟ್ಟ ಒಂದು ದಿನ ಉಪಗ್ರಹದ ಯಂತ್ರದ ಕೈಪಿಡಿಯನ್ನು ಮೊದಲಿನಿಂದ ಓದಲು ಕೂತೆ. ನಾವು ಅಲ್ಲಿಯವರೆಗೆ ಕಚ್ಚಾ ಬೆಳಕನ್ನು ಮುಟ್ಟಿರಲಿಲ್ಲ. ಸರ್ ಅವರ ಗುಂಪಿನಲ್ಲಿ ವರ್ಷಗಳ ಹಿಂದೆ ಯಾರೋ ಸೋಸಿಟ್ಟಿದ್ದನ್ನೇ ಎಲ್ಲರೂ ಬಳಸುತ್ತಿದ್ದರು. ಯಂತ್ರ ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸುತ್ತದೆ. ಪ್ರತಿಯೊಂದರ ಶಕ್ತಿ ಎಷ್ಟು ಎಂದು ಅಳೆಯುತ್ತದೆ. ಆದರೆ ಬೆಳಕು ತೀರಾ ಪ್ರಖರವಾಗಿದ್ದರೆ ಎರಡು ಕಣಗಳು ಒಂದೇ ಕ್ಷಣಕ್ಕೆ ಒಂದೇ ಕಡೆ ಬಂದು ಬೀಳುತ್ತವೆ. ಯಂತ್ರಕ್ಕೆ ಎರಡೆಂದು ತಿಳಿಯುವುದಿಲ್ಲ. ಎರಡರ ಶಕ್ತಿಯನ್ನೂ ಕೂಡಿಸಿ ಒಂದೇ ದಪ್ಪ ಕಣ ಬಂತೆಂದು ಬರೆದುಕೊಳ್ಳುತ್ತದೆ. ಹಾಗೆ ಬರೆದುಕೊಂಡದ್ದು ಹೆಚ್ಚಾದರೆ ಇಡೀ ರೋಹಿತದ, ಅಂದರೆ ಬೆಳಕನ್ನು ಶಕ್ತಿಯ ಪ್ರಕಾರ ಬಿಡಿಸಿಟ್ಟ ನಕ್ಷೆಯ, ಆಕಾರವೇ ಕೆಟ್ಟು ಗೆರೆ ಇದ್ದದ್ದಕ್ಕಿಂತ ಹಿಗ್ಗಿ ಕಾಣಬಹುದು. ನಮ್ಮ ಕಪ್ಪುಕುಳಿಯ ತಟ್ಟೆ ಆ ದಿನಗಳಲ್ಲಿ ಉರಿದು ಬೆಳಗುತ್ತಿತ್ತು. ಅಂಥ ಬೆಳಕಿಗೆ ಆ ಯಂತ್ರ ತಡೆಯುವುದಿಲ್ಲ ಎಂದು ಕೈಪಿಡಿಯಲ್ಲೇ ಇತ್ತು.

ಇದಕ್ಕೆ ಮದ್ದೂ ಇದೆ. ಯಂತ್ರ ಹಿಡಿದ ಚಿತ್ರದ ನಡುಭಾಗದಲ್ಲಿ ಬೆಳಕಿನ ನೂಕುನುಗ್ಗಲು. ಆ ನಡುವನ್ನು ಕತ್ತರಿಸಿ ಬಿಸಾಡಬೇಕು. ಅಂಚಿನಲ್ಲಿ ಚೆದುರಿ ಬಿದ್ದ ಬೆಳಕನ್ನಷ್ಟೇ ಇಟ್ಟುಕೊಳ್ಳಬೇಕು. ಕತ್ತರಿಸಿದೆ. ಹಿಗ್ಗಿದ್ದ ಗೆರೆ ಕುಗ್ಗಿತು. ಇನ್ನಷ್ಟು ಕತ್ತರಿಸಿದೆ. ಇನ್ನೂ ಕುಗ್ಗಿತು. ಈಗ ಬಂದ ಉತ್ತರ ಒಂದಕ್ಕೆ ಹತ್ತಿರವೂ ಅಲ್ಲ, ಸೊನ್ನೆಗೆ ಹತ್ತಿರವೂ ಅಲ್ಲ. ನಡುವಿನ ಯಾವುದೂ ಆಗಬಹುದು. ಉಳಿದ ಚೂರು ಬೆಳಕಿಗೆ ಅದಕ್ಕಿಂತ ಹೆಚ್ಚು ಹೇಳುವ ಶಕ್ತಿ ಇರಲಿಲ್ಲ. ನನ್ನದೇ ತಪ್ಪಿರಲಿ ದೇವರೇ ಎಂದು ಎಷ್ಟು ಬೇಡಿಕೊಂಡೆನೋ. ಬೇರೆ ಬೇರೆ ರೀತಿ ಮಾಡಿ ನೋಡಿದೆ. ಅದೇ ಬಂತು.

ಶಾಹೀನ ಚಹಾ ತಂದವಳು ನನ್ನ ಮುಖ ನೋಡಿ ನಿಂತಳು.

“ಏನಾತು? ತಪ್ಪು ಬಂತೇನು?”

“ತಪ್ಪಲ್ಲ. ಗೊತ್ತಾಗೂದಿಲ್ಲ ಅಂತ ಬಂದೈತಿ.”

“ಇಷ್ಟು ದಿನ ಕುಂತು, ಗೊತ್ತಾಗೂದಿಲ್ಲ ಅಂತ ಗೊತ್ತಾತೇನು?”

ನನಗೆ ನಗು ಬಂತು. ನಕ್ಕಿದ್ದು ನಿಲ್ಲಲಿಲ್ಲ, ಸ್ವಲ್ಪ ಹೊತ್ತಿಗೆ ಅಳುವಾಯಿತು. ಅವಳು ಕೆಳಗೆ ಹೋಗಿ ಅಣ್ಣನಿಗೆ, “ಇವತ್ತು ಖಾರಪುಡಿ ಹಾಕಬ್ಯಾಡ, ಬರೇ ಸೇವು ಕರಿ,” ಎಂದು ಹೇಳಿದ್ದು ಕೇಳಿಸಿತು.

ಸರ್‌ಗೆ ಹೇಳಬೇಕಿತ್ತು. ಪ್ರಬಂಧ ಇನ್ನೂ ಅಚ್ಚಾಗಿರಲಿಲ್ಲ. ಹಿಂತೆಗೆದುಕೊಳ್ಳಲು ಸಮಯವಿತ್ತು. ಹಿಂತೆಗೆದರೆ ದೀಪಾವಳಿಗೆ ನನ್ನ ಹೆಸರು ಹೋಗುತ್ತಿತ್ತು. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಫೋನು ಮಾಡಿದೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ ಸ್ಫೋಟಿಸಿದರು.

“ತಲಿ ನೆಟ್ಟಗ ಅದ ಏನು ನಿಂದು? ಜರ್ನಲ್‌ನವರು ಒಪ್ಯಾರ. ನೂರು ಮಂದಿ ಮುಂದ ನಾ ಹೇಳಿ ಬಂದೇನಿ. ಆ ಡೇಟಾ ಎಷ್ಟು ಮಂದಿ ಬಳಸ್ಯಾರ, ಯಾರಿಗೂ ಕಾಣದ್ದು ನಿನಗೊಬ್ಬಾಕಿಗೇ ಕಂಡ್ತೇನು?”

“ನಡುವಿಂದು ಕತ್ತರಿಸಿ ನೋಡ್ರಿ ಸರ್. ನೀವ ಮಾಡಿ ನೋಡ್ರಿ.”

“ನಾ ನೋಡೂದಿಲ್ಲ,” ಎಂದು ಫೋನಿಟ್ಟರು.

ಮನೆಯಲ್ಲಿ ಹೇಳಿದರೆ ಅದು ಬೇರೆಯೇ ತಲೆನೋವು. “ಬಂದದ್ದೊಂದು ಕೊಟ್ಟು ಕೈ ತೊಳಕೊಳ್ಳೂದು ಬಿಟ್ಟು ಇದೇನ ಹುಚ್ಚು?” ಎಂದರು ಅತ್ತೆ. ಇವರು ಊಟದ ತಟ್ಟೆಯ ಮುಂದೆ ಕೂತು ತಣ್ಣಗೆ ಕೇಳಿದರು: “ಅಲ್ಲಿಗೆ ಹೋಗಿ ಯಾರರ ಅಳದು ನೋಡವರದಾರೇನು?”

ಆ ಮಳೆಗಾಲದ ಎಲ್ಲ ಮಾತುಗಳಲ್ಲಿ ನನ್ನನ್ನು ಹೆಚ್ಚು ಕೆರಳಿಸಿದ್ದು ಇದು. ಯಾಕೆಂದರೆ ಮಾತು ನಿಜವಾಗಿತ್ತು. ಅಲ್ಲಿಗೆ ಯಾರೂ ಹೋಗುವುದಿಲ್ಲ, ಯಾವ ಕಾಲಕ್ಕೂ. ನಾವು ಹೇಳಿದ್ದನ್ನು ಯಾರೂ ಕಣ್ಣಾರೆ ನೋಡಿ ಸುಳ್ಳೆಂದು ಹೇಳಲಾರರು. ಅದಕ್ಕೇ ತಾನೇ ನಾವು ಹೇಳುವುದು ಸರಿಯಿರಬೇಕು! ಇದನ್ನು ಅವರಿಗೆ ಹೇಗೆ ಹೇಳಬೇಕೋ ತಿಳಿಯದೆ, “ನಿಮ್ಮ ಮೀಟರ್ ಓದಾಕ ಬರಾಂವ ಮನೀಗೆ ಬರದನ ಅಂದಾಜಿನ ಮ್ಯಾಲೆ ಬಿಲ್ ಬರದ್ರ ಸುಮ್ಕಿರ್ತೀರೇನು?” ಎಂದು ರೇಗಿದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿ, “ಅದು ಬ್ಯಾರೆ,” ಎಂದರು. ಎರಡು ತುತ್ತು ಉಂಡು, “ಬ್ಯಾರೆ ಏನಲ್ಲ,” ಎಂದರು. ಅಷ್ಟೇ. ಮರುದಿನದಿಂದ ಅತ್ತೆಯ ಮುಂದೆ ಅವರು ನನ್ನ ಪರವಾಗಿ ಏನೂ ಹೇಳಲಿಲ್ಲವಾದರೂ ವಿರುದ್ಧವಾಗಿಯೂ ಹೇಳಲಿಲ್ಲ.

ಆ ಭಾನುವಾರ ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಸರ್ ಸವಣೂರಿಗೆ ಬಂದಿಳಿದರು. ನಾನು ಮಾಳಿಗೆಯಲ್ಲಿದ್ದೆ. ಅವರು ವಿಚಾರಿಸುತ್ತ ಸೀದಾ ನಮ್ಮ ಮನೆಗೆ ಹೋಗಿ ಅತ್ತೆಯ ಕೈಗೆ ಸಿಕ್ಕಿದ್ದರು. ನನ್ನನ್ನು ಬೈಯಲೆಂದು ಅಷ್ಟು ದೂರ ಬಂದ ಮನುಷ್ಯನನ್ನು ಅತ್ತೆ ಮಣೆ ಹಾಕಿ ಕೂರಿಸಿ, ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೇಲೆ ಒಂದು ಮಿಳ್ಳೆ ತುಪ್ಪ ಬಡಿಸಿ, ಉಣ್ಣುವಾಗಲೇ ವಿಚಾರಣೆ ಮಾಡಿದ್ದರಂತೆ. “ನಮ್ಮ ಸೊಸಿ ಪಂಚಮಿಗೆ ತವರಿಗೆ ಹೋಗಿಲ್ಲ, ಗಣಪತಿಗೆ ನೆಟ್ಟಗ ಉಂಡಿಲ್ಲ. ಯಾಕ್ರೀ ಇಷ್ಟು ತ್ರಾಸ ಕೊಡಾಕತ್ತೀರಿ ಆಕೀಗೆ?” ನನ್ನನ್ನು ಮೂರು ತಿಂಗಳಿನಿಂದ ಬೈದ ಅದೇ ಬಾಯಿ! ಅವರನ್ನು ಅತ್ತೆಯೇ ಕೊಡೆ ಹಿಡಿದು ಶಾಹೀನಳ ಮನೆಗೆ ಕರೆತಂದರು. ತಾವೂ ಮೆಟ್ಟಿಲು ಹತ್ತಿ ಬಂದು ಖೋಲಿಯ ಮೂಲೆಯಲ್ಲಿ ಚಾಪೆ ಹಾಸಿ ಕೂತರು. ಎದ್ದು ಹೋಗುವ ಲಕ್ಷಣವೇ ಇರಲಿಲ್ಲ.

ಸರ್ ನನ್ನತ್ತ ನೋಡಲಿಲ್ಲ. “ತೆಗಿ,” ಎಂದರು. ತೆಗೆದೆ. ಕುರ್ಚಿ ಎಳೆದುಕೊಂಡು ತಾವೇ ಕೂತರು. ನನ್ನ ಲೆಕ್ಕವನ್ನು ಮುಟ್ಟಲಿಲ್ಲ. ಕಚ್ಚಾ ಬೆಳಕಿನಿಂದ ಹೊಸದಾಗಿ ಶುರುಮಾಡಿದರು. ನಡುವನ್ನು ಸ್ವಲ್ಪ ಕತ್ತರಿಸಿದರು. ಗೆರೆ ಕುಗ್ಗಿತು. ಅವರು ಹುಬ್ಬು ಗಂಟಿಕ್ಕಿ ಬೇರೆ ದಿನದ ಬೆಳಕನ್ನು ತೆಗೆದರು. ಅಲ್ಲಿಯೂ ಕುಗ್ಗಿತು. ಕೆಳಗೆ ಬಾಣಲೆಗೆ ಖಾರ ಬಿತ್ತು. ಮೂವರೂ ಸೀನಿದೆವು. “ಇದೆಂಥಾ ಜಾಗಾ ಮಾರಾಯ್ತಿ!” ಎಂದು ಅವರು ಕರವಸ್ತ್ರ ಮುಖಕ್ಕೆ ಒತ್ತಿಕೊಂಡು ಮತ್ತೆ ಕತ್ತರಿಸಿದರು. ನಾನು ಬೆನ್ನ ಹಿಂದೆ ನಿಂತೇ ಇದ್ದೆ. ಅತ್ತೆ ಗೋಡೆಗೆ ಒರಗಿ ನಿದ್ದೆ ಹೋದರು. ಶಾಹೀನ ಎರಡು ಸಲ ಚಹಾ ತಂದು, ಎರಡು ಸಲವೂ ಆರಿದ ಲೋಟ ಒಯ್ದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಜರ್ನಲ್ಲಿನ ಸಂಪಾದಕರಿಗೆ ತಾವೇ ಟೈಪ್ ಮಾಡತೊಡಗಿದರು. ಬೆಳಕು ಯಂತ್ರದ ಮಿತಿ ಮೀರಿತ್ತು, ಅದನ್ನು ಗಮನಿಸಬೇಕಿತ್ತು, ಗಮನಿಸಿರಲಿಲ್ಲ, ಆದ್ದರಿಂದ ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ. ಇದನ್ನು ಕಂಡುಹಿಡಿದವಳು ಸುಮಂಗಲಾ ಎಂದೂ ಸೇರಿಸಿದರು. ಅದನ್ನು ತೆಗೆಯಿರಿ ಎಂದೆ. “ನೀ ಸುಮ್ಕಿರು,” ಎಂದರು. ಆಮೇಲೆ ತಿರುಗಿ, ಆ ದಿನ ಮೊದಲ ಬಾರಿಗೆ ನನ್ನ ಮುಖ ನೋಡಿ ಕೇಳಿದರು: “ಇದು ಹೋದ್ರ ನಿನ್ನ ದೀಪಾವಳಿ ಹೋತು. ಗೊತ್ತದ ಅಲ್ಲ?”

“ಗೊತ್ತೈತ್ರಿ ಸರ್.”

“ಕಳಸ್ಲಿ?”

ಬೇಡ ಎನ್ನುವ ಆಸೆ ನನಗೆ ಆ ಗಳಿಗೆಯಲ್ಲಿ ಎಷ್ಟಿತ್ತೆಂದು ಯಾರಿಗೂ ಹೇಳಿಲ್ಲ. ಅಷ್ಟು ವರ್ಷದ ಬಸ್ಸು, ಕೆಸರು, ರಾತ್ರಿಗಳು, ಎಲ್ಲ ಒಟ್ಟಿಗೆ ನೆನಪಾದವು. ಅವರ ಮೇಲೆ ಸಿಟ್ಟು ಬಂತು; ಬೈಯಲು ಬಂದವರು ಬೈದು ಹೋಗಬಾರದಿತ್ತೇ, ಹೀಗೆ ಸರಿದಾರಿಗೆ ಬಂದು ನನ್ನನ್ನು ಯಾಕೆ ಕೇಳಬೇಕು? “ಕಳಸ್ರಿ,” ಎಂದೆ. ಕಳಿಸಿದರು.

ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಹೋದೆ. ಬಸ್ಸು ತಡವಾಯಿತು. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಸರ್ ರಸ್ತೆ ನೋಡುತ್ತಲೇ ಅಂದರು: “ನನಗ ಆ ನಂಬರ್ ಭಾಳ ಬೇಕಾಗಿತ್ತವಾ.”

ನಾನು ಕೊಡೆಯ ನೀರು ಝಾಡಿಸಿದೆ.

“ಇಡೀ ಜನ್ಮ ಪಾಠಾ ಮಾಡಿದೆ. ಮಂದಿ ಮಾಡಿದ್ದನ್ನ ಬೋರ್ಡ್ ಮ್ಯಾಲೆ ಬರದು ತೋರ್ಸಿದೆ. ಒಂದರೆ ನಂದು ಇರ್ಲಿ ಅನಸ್ತಿತ್ತು. ಸೆಮಿನಾರಿನಾಗ ಎಲ್ಲಾರೂ ಎದ್ದು ಕೈ ಕುಲುಕಿದ್ರು, ಗೊತ್ತದ ಏನು? ಅವತ್ತ ರಾತ್ರಿ ನಿದ್ದಿ ಬರ್ಲಿಲ್ಲ, ಖುಷಿಗೆ.”

ಬಸ್ಸು ಬಂತು. ನೂಕಾಡಿಕೊಂಡು ಹತ್ತುವಾಗ ಅವರ ಒಂದು ಚಪ್ಪಲಿ ಕೆಸರಿನಲ್ಲಿ ಕಚ್ಚಿಕೊಂಡಿತು. ನಾನು ಎತ್ತಿ ಕಿಟಕಿಯಿಂದ ಕೊಟ್ಟೆ. “ನೀ ಬಿಡಬ್ಯಾಡ. ಮತ್ತ ಅರ್ಜಿ ಹಾಕು,” ಎಂದು ಬೈಯುವ ದನಿಯಲ್ಲೇ ಹೇಳಿದರು.

ದೀಪಾವಳಿಗೆ ನನ್ನ ಹೆಸರು ಹೋಯಿತು. ಆ ಹಬ್ಬದಲ್ಲಿ ಮನೆಗೆ ಬಂದ ಬೀಗರೆಲ್ಲ, “ಆತೇನ್ರೀ ನಿಮ್ಮದು?” ಎಂದು ಕೇಳಿದರು. ಎಲ್ಲರಿಗೂ ಇಲ್ಲ ಎಂದು ಹೇಳಿ, ಯಾಕಿಲ್ಲ ಎಂದು ಹೇಳಿ, ಅವರು ಅರ್ಥವಾಗದೆ ಕನಿಕರಪಡುವುದನ್ನು ನೋಡಿ ನನ್ನ ತಾಳ್ಮೆಯೆಲ್ಲ ಮುಗಿಯಿತು. ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಿದೆ. ಪ್ರವೇಶ ಪರೀಕ್ಷೆಯನ್ನು ನನ್ನದೇ ಹಳೆಯ ವಿದ್ಯಾರ್ಥಿನಿಯರ ನಡುವೆ ಕೂತು ಬರೆದೆ. ಅಷ್ಟರಲ್ಲಿ ಹಿರೇಕೆರೂರಿಗೆ ವರ್ಗವಾಯಿತು, ಸರ್ ನಿವೃತ್ತರಾದರು, ನನಗೆ ಹೊಸ ಗೈಡ್ ಕೊಟ್ಟರು. ಆದರೂ ಸರ್ ಬಿಡಲಿಲ್ಲ. ವಾರಕ್ಕೊಮ್ಮೆ ಫೋನು, ಪ್ರತಿ ಫೋನಿಗೊಂದು ಜಗಳ. ಎಂಥ ಬೆಳಕನ್ನು ನಂಬಬಹುದು, ಎಷ್ಟು ಪ್ರಖರವಾದರೆ ನಂಬಬಾರದು ಎಂಬುದರ ಮೇಲೆ ಸಣ್ಣದೊಂದು ಪ್ರಬಂಧ ಬರೆದೆವು. ಬೇರೆ ಕಪ್ಪುಕುಳಿ-ನಕ್ಷತ್ರ ಜೋಡಿಗಳನ್ನೂ ಹಿಡಿದು, ಒಂದೆರಡರ ಗಿರಕಿಯನ್ನು ಎರಡೂ ದಾರಿಯಿಂದ ಅಳೆದು, ಎರಡೂ ಒಪ್ಪುವುದನ್ನು ಕಂಡೆ. ಅದೆಲ್ಲ ಸೇರಿ ಥೀಸಿಸ್ಸಾಯಿತು. ಸವಣೂರಿನ ಮಾಳಿಗೆಯ ಕಪ್ಪುಕುಳಿಗೂ ಅದರಲ್ಲಿ ಒಂದು ಅಧ್ಯಾಯವಿತ್ತು. ಆ ಅಧ್ಯಾಯದ ಕೊನೆಯಲ್ಲಿ ಅಂಕಿ ಇರಲಿಲ್ಲ.

ವೈವಾದ, ಅಂದರೆ ಥೀಸಿಸ್ಸಿನ ಮೌಖಿಕ ಪರೀಕ್ಷೆಯ ದಿನ, ಹಾಲ್‌ನಲ್ಲಿ ಅಂಥ ಜನವೇನಿರಲಿಲ್ಲ. ನಮ್ಮ ಮನೆಯವರು ರಜೆ ಹಾಕಿ ಬಂದಿದ್ದರು. ಸರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಡೆಯ ಸಾಲಿನಲ್ಲಿ ಕೂತಿದ್ದರು. ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸುತ್ತ ನಾನು ಅಂಕಿ ಇಲ್ಲದ ಆ ಅಧ್ಯಾಯ ಮುಗಿಸಿದೆ. ಹೊರಗಿನಿಂದ ಬಂದ ಪರೀಕ್ಷಕರು ಆ ಅಧ್ಯಾಯದ ಪುಟ ತೆರೆದು, “ಇಷ್ಟೆಲ್ಲ ಮಾಡಿದ್ದೀರಿ. ಇದು ಎಷ್ಟು ವೇಗವಾಗಿ ತಿರುಗ್ತಿದೆ ಅಂತ ಯಾಕೆ ಬರೆದಿಲ್ಲ?” ಎಂದರು.

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಅದರ ಉತ್ತರವನ್ನು ವರ್ಷಗಟ್ಟಲೆ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುತ್ತ ಹೇಳಿಕೊಂಡಿದ್ದೆ. ಪ್ರತಿಯೊಂದು ಶಬ್ದ ಆರಿಸಿಟ್ಟುಕೊಂಡಿದ್ದೆ. ಬಾಯಿ ತೆರೆದೆ.

ಹಿಂದೆ ಕುರ್ಚಿ ಸರಿದ ಸದ್ದಾಯಿತು.

“ಅದು ಆ ಬೆಳಕಿನಾಗ ಗೊತ್ತಾಗೂದಿಲ್ರಿ,” ಎಂದರು ಸರ್, ಎದ್ದು ನಿಂತು. ಅವರಿಗೆ ಅಲ್ಲಿ ಮಾತಾಡುವ ಹಕ್ಕೇ ಇರಲಿಲ್ಲ. “ಗೊತ್ತಾಗೇದ ಅಂತ ನಾನ ನೂರು ಮಂದಿ ಮುಂದ ಹೇಳಿದ್ದೆ. ನಾ ಹೇಳಿದ್ದು ತಪ್ಪು. ತಪ್ಪಂತ ತೋರ್ಸಿದಾಕಿ ಈಕಿ. ತನ್ನ ಒಂದ ವರ್ಷದ್ದಲ್ಲ, ಎಷ್ಟೋ ವರ್ಷದ್ದು ಕಳಕೊಂಡು ತೋರ್ಸ್ಯಾಳ.”

ಅಧ್ಯಕ್ಷತೆ ವಹಿಸಿದ್ದವರು ಗಲಿಬಿಲಿಯಾಗಿ, “ಸರ್, ಅವರ ಉತ್ತರಾ ಹೇಳ್ಲಿ. ನೀವು ಕುಂದರ್ರಿ,” ಎಂದರು.

“ಹೇಳ್ಲಿ, ಹೇಳ್ಲಿ,” ಎಂದು ಸರ್ ಕೂತರು.

ಇನ್ನು ಹೇಳುವುದೇನು ಉಳಿದಿತ್ತು? ಇಡೀ ಥೀಸಿಸ್ಸಿನಲ್ಲಿ ನಾನು ನನ್ನ ಬಾಯಿಂದಲೇ ಹೇಳಬೇಕೆಂದು ಇಟ್ಟುಕೊಂಡಿದ್ದ ಒಂದೇ ಒಂದು ಮಾತನ್ನು ಆ ಮನುಷ್ಯ ಕಸಿದುಕೊಂಡು, ಈಗ ಅಲ್ಲಿ ಕೂತು ಕರವಸ್ತ್ರದಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರೂ ಕಾಯುತ್ತಿದ್ದರು. ನೀರು ಕುಡಿದೆ.

“ಅವರು ಹೇಳಿದ್ದು ಸರಿ,” ಎಂದಷ್ಟೇ ಹೇಳಿ ಮುಂದಿನ ಚಿತ್ರ ತೆರೆದೆ.